ಮಣಿಕಟ್ಟಿನ ಲಾಕ್: ತೋರಿಸುವಾಗ ಕೂರುತ್ತೆ, ರೋಲಿಂಗ್‌ನಲ್ಲಿ ಜಾರುತ್ತೆ. ತಪ್ಪು ಎಲ್ಲಿ?

ನೀಲಿಪಟ್ಟಿ_ಮೈಸೂರು

ಪ್ರಶ್ನೆ ಬಿಜೆಜೆ (ಬ್ರೆಜಿಲಿಯನ್ ಜಿಯು-ಜಿತ್ಸು) ಬಗ್ಗೆ, ಗಿ (ಕಾಲರ್, ಬೆಲ್ಟ್ ಇರುವ ಉಡುಪು) ಹಾಕಿದ್ದರೂ ಸರಿ, ಇಲ್ಲದಿದ್ದರೂ ಸರಿ. ಸೈಡ್ ಕಂಟ್ರೋಲ್‌ನಲ್ಲಿ (ಅಂಗಾತ ಬಿದ್ದವನ ಮೇಲೆ ಅಡ್ಡಲಾಗಿ ಎದೆ ಒತ್ತಿರುವ ಸ್ಥಿತಿ) ಕೆಳಗಿರುವವನ ಮುಂದೋಳನ್ನು ಎತ್ತಿ ನಿಲ್ಲಿಸಿ, ಅವನ ಕೈಯ ಹಿಂಬದಿ ಮೇಲೆ ನಮ್ಮ ಅಂಗೈ ಇಟ್ಟು ಒಳಕ್ಕೆ ಮಡಚುವ ಮಾಮೂಲಿ ರಿಸ್ಟ್ ಲಾಕ್. ಸುಮ್ಮನೆ ಮಲಗಿದವನ ಮೇಲೆ ಎರಡು ಬೆರಳಿನ ಬಲಕ್ಕೇ ಟ್ಯಾಪ್ (ಸೋತೆ ಅಂತ ಕೈ ತಟ್ಟುವುದು) ಬರುತ್ತೆ. ರೋಲಿಂಗ್ (ಇಬ್ಬರೂ ಜೋರಾಗಿ ಸೆಣಸುವ ಅಭ್ಯಾಸ) ಬಿಸಿಯಾದ ಮೇಲೆ ಮೂರು ಥರ ಕೈಕೊಡುತ್ತೆ. ಒಂದು, ಬೆವರಿಗೆ ಹಿಡಿತ ಜಾರುತ್ತೆ. ಇನ್ನೊಂದು, ಎದುರಾಳಿ ಕೈ ಚಾಚಿ ನೇರ ಮಾಡಿಬಿಡ್ತಾನೆ. ಮೂರನೆಯದು ಅರ್ಥವೇ ಆಗ್ತಿಲ್ಲ: ಮಣಿಕಟ್ಟು ಪೂರ್ತಿ ಬಾಗಿದ್ರೂ ಕೆಲವರು ಏನೂ ಆಗದವರ ಥರ ಮೇಲೆ ನೋಡ್ಕೊಂಡು ಮಲಗಿರ್ತಾರೆ. ಬಲ ಜಾಸ್ತಿ ಹಾಕೋದು ಉತ್ತರ ಅಲ್ಲ ಅಂತ ಗೊತ್ತು. ಹಾಗಾದ್ರೆ ಏನು?

ಕಂದುಪಟ್ಟಿ

ಮೊದಲೆರಡಕ್ಕೆ ಉತ್ತರ ಒಂದೇ. ಕೈ ಹಿಡಿದಿದ್ದೀರಿ, ಮೊಣಕೈ ಬಿಟ್ಟಿದ್ದೀರಿ.

ಕಬ್ಬಿನ ಜಲ್ಲೆಯನ್ನು ಗಾಳಿಯಲ್ಲೇ ಎರಡೂ ಕೈಲಿ ಬಗ್ಗಿಸಿದರೆ ಬಳುಕುತ್ತೆ. ಮಂಡಿಗೆ ಊರಿಕೊಂಡರೆ ಮುರಿಯುತ್ತೆ. ಇಲ್ಲಿ ಆ ಮಂಡಿಯ ಕೆಲಸ ಅವನ ಮೊಣಕೈ ಹಿಂದೆ ಇರುವ ಆಸರೆಯದು. ಮ್ಯಾಟ್ ಆಗಬಹುದು, ನಿಮ್ಮ ಪಕ್ಕೆ ಆಗಬಹುದು, ಹೊಟ್ಟೆಯೂ ಆಗಬಹುದು. ಆಸರೆ ಇಲ್ಲದಿದ್ದರೆ ನೀವು ಹಾಕಿದ ಒತ್ತಡವೆಲ್ಲ ಭುಜದವರೆಗೆ ಹರಿದು ಹೋಗುತ್ತೆ, ಮಣಿಕಟ್ಟಿಗೆ ಉಳಿಯೋದು ಚೂರುಪಾರು.

ಸೈಡ್ ಕಂಟ್ರೋಲ್‌ನಲ್ಲೇ ಹೇಳ್ತೀನಿ, ದೂರದ ಕೈಗೆ. ನಿಮ್ಮ ಎದೆಯ ಭಾರ ಅವನ ರಟ್ಟೆ ಮೇಲೆ ಬರಲಿ, ಅವನ ಮೊಣಕೈ ಮ್ಯಾಟ್‌ಗೆ ಅಂಟಲಿ. ನಿಮ್ಮ ಎರಡು ಕೈಗಳಲ್ಲಿ ಅವನ ಸೊಂಟದ ಕಡೆ ಇರುವ ಕೈಯ ಮೊಣಕೈಯನ್ನು ಅವನ ಮೊಣಕೈಗೆ ಹೊರಗಡೆಯಿಂದ ತಾಗಿಸಿ ಗೂಟದ ಹಾಗೆ ಊರಿ. ಅವನ ಮುಂದೋಳು ಕಂಬದ ಹಾಗೆ ನೆಟ್ಟಗೆ ನಿಂತಿರಬೇಕು. ಆಮೇಲೆ ಅಂಗೈಯನ್ನು ಅವನ ಬೆರಳ ಗೆಣ್ಣುಗಳ ಮೇಲೆ ಕೂರಿಸಿ. ಅಲ್ಲಿಂದ ಸನ್ನೆಯ ಉದ್ದ ಸಿಗುತ್ತೆ. ಮಣಿಕಟ್ಟಿನ ಹತ್ತಿರ ಹಿಡಿದರೆ ಎರಡು ಪಟ್ಟು ಬಲ ಹಾಕಿದ್ರೂ ಕೆಲಸ ಆಗಲ್ಲ. ಹೆಬ್ಬೆರಳನ್ನು ಬೇರೆ ಮಾಡಬೇಡಿ, ಐದೂ ಬೆರಳು ಒಂದೇ ಕಡೆ ಕೊಕ್ಕೆ ಥರ ಇರಲಿ. ಬೆವರಿಗೆ ಜಾರುವುದು ಹಿಸುಕುವ ಹಿಡಿತ. ಗೆಣ್ಣಿಗೆ ಸಿಕ್ಕಿಸಿದ ಕೊಕ್ಕೆ ಅಷ್ಟು ಸುಲಭಕ್ಕೆ ಜಾರಲ್ಲ.

ಒತ್ತುವ ದಿಕ್ಕು ತುಂಬ ಜನಕ್ಕೆ ತಪ್ಪುತ್ತೆ. ಅವನ ಕೈಯನ್ನು ನಿಮ್ಮ ಕಡೆಗೆ ಎಳೆಯಬೇಡಿ, ಪಕ್ಕಕ್ಕೂ ತಿರುಚಬೇಡಿ. ಬೆರಳ ತುದಿಗಳು ಅವನದೇ ಮುಂದೋಳಿನ ಒಳಭಾಗಕ್ಕೆ ಮಡಚಿಕೊಳ್ಳಬೇಕು, ಭಾರ ಮುಂದೋಳಿನ ಉದ್ದಕ್ಕೂ ಇಳಿದು ಮೊಣಕೈ ಮೂಲಕ ಮ್ಯಾಟ್‌ಗೆ ಹೋಗಬೇಕು.

ಇನ್ನು ಕೈ ನೇರ ಮಾಡುವವನ ವಿಚಾರ. ಮಾಡಲಿ ಬಿಡಿ. ಮೊಣಕೈ ನಿಮ್ಮ ಹತೋಟಿಯಲ್ಲಿದ್ದರೆ ಚಾಚಿದ ಕೈಗೆ ನೇರ ಆರ್ಮ್‌ಲಾಕ್ ಇದೆ, ಮತ್ತೆ ಮಡಚಿದರೆ ಅಮೆರಿಕಾನಾ (ಮಡಚಿದ ಕೈ ತಿರುಗಿಸಿ ಹಾಕುವ ಭುಜದ ಲಾಕ್) ಇದೆ. ರಿಸ್ಟ್ ಲಾಕ್ ಒಂಟಿಯಾಗಿ ಬರುವುದು ಕಡಿಮೆ, ಇವೆರಡರ ನಡುವೆ ಸಿಕ್ಕುವಂಥದ್ದು ಅದು.

ಕೀಲುಮೂಳೆ

ಫಿಸಿಯೋಥೆರಪಿ ಕಡೆಯಿಂದ ಮೂರನೆಯದಕ್ಕೆ ಉತ್ತರ. ಮಣಿಕಟ್ಟು ಬಾಗುವ ಮಿತಿ ಬೆರಳು ಹೇಗಿದೆ ಅನ್ನೋದರ ಮೇಲೆ ನಿಂತಿದೆ.

ಈಗಲೇ ಮಾಡಿ ನೋಡಿ. ಬೆರಳು ಸಡಿಲ ಬಿಟ್ಟು ಮಣಿಕಟ್ಟನ್ನು ಅಂಗೈ ಕಡೆಗೆ ಪೂರ್ತಿ ಬಾಗಿಸಿ. ಸಾಮಾನ್ಯವಾಗಿ 80 ಡಿಗ್ರಿ ಆಸುಪಾಸು ಹೋಗುತ್ತೆ. ಈಗ ಅದೇ ಕೈಯನ್ನು ಬಿಗಿ ಮುಷ್ಟಿ ಮಾಡಿ ಬಾಗಿಸಿ. ಎಷ್ಟೋ ಮೊದಲೇ ನಿಲ್ಲುತ್ತೆ, ಕೈಯ ಹಿಂಬದಿಯಲ್ಲಿ ತಂತಿ ಎಳೆದ ಹಾಗೆ ಬಿಗಿಯುತ್ತೆ. ಬೆರಳು ಬಿಡಿಸುವ ಸ್ನಾಯುಗಳ ಸ್ನಾಯುರಜ್ಜುಗಳು ಮಣಿಕಟ್ಟಿನ ಹಿಂಬದಿಯಿಂದ ಹಾದು ಬೆರಳ ತುದಿವರೆಗೆ ಹೋಗುತ್ತವೆ. ಬೆರಳೂ ಮಣಿಕಟ್ಟೂ ಒಟ್ಟಿಗೆ ಮಡಚಿದರೆ ಅವುಗಳ ಉದ್ದ ಸಾಲಲ್ಲ.

ಅಂದರೆ ಬೆರಳು ಬಿಡಿಸಿಕೊಂಡು ಮಲಗಿದವನಿಗೆ ಇನ್ನೂ ಸಡಿಲು ಉಳಿದಿರುತ್ತೆ. ನಿಮ್ಮ ಕಾಲರ್ ಹಿಡಿದವನಿಗೆ, ಆರ್ಮ್‌ಬಾರ್ (ಕೈ ನೇರ ಮಾಡಿ ಮೊಣಕೈಗೆ ಹಾಕುವ ಲಾಕ್) ತಪ್ಪಿಸಿಕೊಳ್ಳಲು ಎರಡೂ ಕೈ ಬೆಸೆದವನಿಗೆ ಆ ಸಡಿಲು ಇರಲ್ಲ. ಅವರಿಗೇ ಲಾಕ್ ಬೇಗ ತಾಗೋದು. ಏನೂ ಆಗದವರ ಥರ ಇರುವವರ ಬೆರಳನ್ನು ಮೊದಲು ಮಡಚಿ, ಮುಷ್ಟಿಯನ್ನು ನಿಮ್ಮ ಅಂಗೈಯಲ್ಲಿ ಮುಚ್ಚಿ, ಆಮೇಲೆ ಬಾಗಿಸಿ.

ಇದರದೇ ಇನ್ನೊಂದು ಮುಖ: ಮುಷ್ಟಿಯಲ್ಲಿ ಪೆನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಮಣಿಕಟ್ಟನ್ನು ಒಳಕ್ಕೆ ಒತ್ತಿ. ಬೆರಳು ತಾನಾಗಿ ಸಡಿಲವಾಗುತ್ತೆ. ಕಿಮುರಾ (ಕೈಯನ್ನು ಬೆನ್ನ ಕಡೆಗೆ ತಿರುಗಿಸುವ ಭುಜದ ಲಾಕ್) ಹಾಕುವಾಗ ಎದುರಾಳಿ ತನ್ನ ಬೆಲ್ಟನ್ನೋ ಚಡ್ಡಿಯನ್ನೋ ಹಿಡಿದುಕೊಂಡಾಗ ಕೈ ಕೀಳಲು ಎಳೆದಾಡಬೇಕಿಲ್ಲ, ಮಣಿಕಟ್ಟು ಬಾಗಿಸಿದರೆ ಸಾಕು.

ಉಳಿದ ಅಳತೆಗಳೂ ಇರಲಿ. ಹಿಂದಕ್ಕೆ ಸುಮಾರು 70 ಡಿಗ್ರಿ, ಕಿರುಬೆರಳ ಕಡೆಗೆ 30, ಹೆಬ್ಬೆರಳ ಕಡೆಗೆ 20. ತಿರುಗುವಿಕೆ ಮಾತ್ರ ಮಣಿಕಟ್ಟಿನದಲ್ಲ. ಕೈ ತಿರುಗಿದಂತೆ ಕಾಣುವುದು ಮುಂದೋಳಿನ ಎರಡು ಮೂಳೆಗಳು, ರೇಡಿಯಸ್ ಮತ್ತು ಅಲ್ನಾ, ಒಂದರ ಸುತ್ತ ಒಂದು ಸರಿಯುವುದರಿಂದ. ಆ ಸರಿದಾಟ ಮುಗಿದ ಮೇಲೂ ತಿರುಚಿದರೆ ಪೆಟ್ಟು ಬೀಳುವುದು ಕಿರುಬೆರಳ ಬದಿಯ ಮೃದ್ವಸ್ಥಿ ಕಟ್ಟಿಗೆ, ಟಿಎಫ್‌ಸಿಸಿಗೆ.

ಗರಡಿ_ಧಾರವಾಡ

ಕಬ್ಬಿನ ಮಾತು ಛಲೋ ಹೇಳಿದ್ರಿ. ಮಣ್ಣಿನ ಕುಸ್ತಿಯೊಳಗ ಕೀಲು ತಿರುವಿ ಸೋಲ್ಸೂದು ಅನ್ನೋದ ಇಲ್ಲ. ಎದುರಿನ ಪೈಲ್ವಾನನ್ನ ಚಿತ್ ಮಾಡಿದ್ರ ಆಟ ಮುಗೀತು. ಆದ್ರ ಮಣಿಕಟ್ಟು ಹಿಡಿಯೂದು ಬ್ಯಾರೆ ಕೆಲಸಕ್ಕ ಬರ್ತದ. ಎರಡೂ ಕೈಲೆ ಅವನ ಒಂದು ಕೈ ಹಿಡಿದು, ಒಂದು ಮಣಿಕಟ್ಟಿನ ಮ್ಯಾಲೆ, ಇನ್ನೊಂದು ರಟ್ಟಿ ಒಳಗಿಂದ, ಎದಿಗೆ ಅವುಚಿಕೊಂಡ್ರ ಅವನ ಆ ಕಡೆ ಹೆಗಲು ಸತ್ತಂಗ. ಅಲ್ಲಿಂದ ಹಿಂದ ಹೋಗೂದು ಸಸಾರ.

ಬೆವರಿನ ಮಾತಿಗೆ ಬಂದ್ರ, ಮಟ್ಟಿಯೊಳಗ ಇಬ್ಬರೂ ಮೈಗೆ ಕೆಮ್ಮಣ್ಣು ಹಚ್ಚಿಕೊಳ್ಳೋದು ಹಿಡಿತ ಸಿಗಲಿ ಅಂತನ. ಮ್ಯಾಟ್ ಮ್ಯಾಲೆ ಆ ಅನುಕೂಲ ಇಲ್ಲ, ಹಂಗಾಗಿ ಕೊಕ್ಕೆ ಹಿಡಿತ ಅಂದದ್ದು ಬರೋಬ್ಬರಿ. ಒಂದು ಮಾತು: ಮಣಿಕಟ್ಟು ಗಟ್ಟಿ ಆಗ್ಬೇಕಂದ್ರ ದಂಡ ಹೊಡೀರಿ, ಗದಾ ತಿರುಗಸ್ರಿ. ಗದಾದ ಹಿಡಿಕಿ ತುದಿಗೆ ಹಿಡಿದಷ್ಟೂ ಮುಂದೋಳಿಗೆ ಭಾರ ಜಾಸ್ತಿ ಬೀಳ್ತದ. ಹೊಸಬರು ಕಲ್ಲಿನ ಹತ್ರ ಹಿಡಿದು ಚಾಲೂ ಮಾಡ್ರಿ.

ತತಾಮಿ

ಐಕಿಡೊ ಕಡೆಯಿಂದ ಸ್ವಲ್ಪ. ಮಣಿಕಟ್ಟಿನ ಲಾಕ್‌ಗಳನ್ನು ಇಷ್ಟು ವಿವರವಾಗಿ ಬೆಳೆಸಿದ್ದು ದೈತೊ-ರ್ಯು ಜುಜುತ್ಸು. ಐಕಿಡೊ ಕಟ್ಟಿದ ಮೊರಿಹೈ ಉಯೆಶಿಬಾ 1915ರಲ್ಲಿ ಹೊಕ್ಕೈಡೊದಲ್ಲಿ ತಕೆದಾ ಸೊಕಾಕು ಅವರ ಹತ್ತಿರ ಕಲಿತದ್ದು ಅದನ್ನೇ, ಐಕಿಡೊದ ಬೇರು ಅಲ್ಲಿದೆ.

ಮೇಲೆ ಹೇಳಿದ್ದು ನೆಲದ ಮೇಲಿನ ಲಾಕ್. ನಿಂತಾಗ ನೆಲದ ಆಸರೆ ಇಲ್ಲ, ಹಾಗಾಗಿ ಆಸರೆಯ ಬದಲು ಸಮತೋಲ ಕೆಡಿಸಬೇಕು. ಕೊತೆಗಾಯೆಶಿ, ಅಂದರೆ ಮಣಿಕಟ್ಟು ಹೊರಕ್ಕೆ ತಿರುಗಿಸಿ ಕೆಡವುವ ಪಟ್ಟು, ತೆಗೆದುಕೊಳ್ಳಿ. ಎದುರಿನವನ ಬಲಗೈಗೆ ನಿಮ್ಮ ಎಡಗೈ. ಹೆಬ್ಬೆರಳು ಅವನ ಕೈಯ ಹಿಂಬದಿಯಲ್ಲಿ, ಉಂಗುರಬೆರಳು ಮತ್ತು ಕಿರುಬೆರಳ ಗೆಣ್ಣುಗಳ ನಡುವೆ. ಉಳಿದ ಬೆರಳು ಅವನ ಹೆಬ್ಬೆರಳ ಬುಡದ ಉಬ್ಬನ್ನು ಸುತ್ತಿರಲಿ. ಮೊದಲು ಒಳಕ್ಕೆ ಮಡಚಿ, ಆಮೇಲೆ ಅವನ ಹೊರಬದಿಗೆ ತಿರುಗಿಸಿ. ಈ ಕ್ರಮ ಮುಖ್ಯ. ಮಡಚದೆ ಬಾಗಿಲ ಹಿಡಿ ತಿರುಗಿಸಿದ ಹಾಗೆ ಬರೀ ತಿರುಚಿದರೆ ಕೀಲುಮೂಳೆ ಸರ್ ಹೇಳಿದ ಅದೇ ಮೃದ್ವಸ್ಥಿಗೆ ಪೆಟ್ಟು, ಅವನೂ ಬೀಳಲ್ಲ.

ತಿರುಗಿಸುವಾಗ ನಿಮ್ಮ ಕೈ ಎದೆ ಮಟ್ಟದಲ್ಲಿ ಇರಬಾರದು, ಹೊಕ್ಕುಳ ಎದುರಿಗೆ ಇಳಿದಿರಬೇಕು. ಕಾಲು ಹಿಂದಿಟ್ಟು ಸೊಂಟ ತಿರುಗಿಸಿ, ಅವನ ಎರಡು ಪಾದಗಳ ನಡುವಿನ ಗೆರೆಗೆ ಅಡ್ಡವಾಗಿ, ಆಸರೆಗೆ ಕಾಲೇ ಇಲ್ಲದ ಮೂಲೆಗೆ ಇಳಿಸಿ. ನೋವಿಗೆ ಬಿದ್ದರೆ ಅದು ಅರ್ಧ ಕೊತೆಗಾಯೆಶಿ. ನಿಲ್ಲಲು ಜಾಗ ಇಲ್ಲದೆ ಬಿದ್ದರೆ ಪೂರ್ತಿ.

ಕಂದುಪಟ್ಟಿ

ತತಾಮಿ ಅವರೇ, ಕ್ರಮ ಸರಿ, ಒಪ್ಪಿದೆ. ತಕರಾರು ಬೇರೆ. ಗುದ್ದುವವನ ಕೈ ಬಂದಷ್ಟೇ ಬೇಗ ವಾಪಸ್ ಹೋಗುತ್ತೆ. ಬಾಕ್ಸಿಂಗ್ ಬಲ್ಲವನ ಜ್ಯಾಬ್ (ಮುಂದಿನ ಕೈಯ ಚುರುಕು ಗುದ್ದು) ಹಿಡಿದು ಕೊತೆಗಾಯೆಶಿ ಹಾಕ್ತೀವಿ ಅಂತ ತರಗತಿಯಲ್ಲಿ ಹೇಳಿಕೊಡೋದು ಶುದ್ಧ ಮೋಸ.

ತತಾಮಿ

ಜ್ಯಾಬ್ ಹಿಡಿಯಿರಿ ಅಂತ ನಾನೂ ಹೇಳಲಿಲ್ಲವಲ್ಲ. ಈ ತಂತ್ರಗಳ ಹಿನ್ನೆಲೆ ಆಯುಧದ್ದು. ಕತ್ತಿ ಹಿರಿಯದಂತೆ ಒಬ್ಬ ಇನ್ನೊಬ್ಬನ ಮಣಿಕಟ್ಟು ಹಿಡಿದಿದ್ದಾನೆ, ಬಿಡಲು ಮನಸ್ಸಿಲ್ಲ. ಹಿಡಿದು ನಿಂತ ಕೈಗೆ ಲಾಕ್ ಹಾಕೋದು, ಓಡುವ ಕೈಗಲ್ಲ. ನಿಮ್ಮ ಕಾಲರ್ ಹಿಡಿತದ ಲೆಕ್ಕವೂ ಅದೇ ತಾನೆ?

ಕಂದುಪಟ್ಟಿ

ಅಲ್ಲಿಗೆ ಇಬ್ಬರದೂ ಒಂದೇ ಮಾತಾಯ್ತು. ಕೈಗೆ ಬೇರೆ ಕೆಲಸ ಇರಬೇಕು: ಏನನ್ನೋ ಹಿಡಿದಿರಬೇಕು, ತಳ್ಳುತ್ತಿರಬೇಕು, ಇಲ್ಲ ನೆಲಕ್ಕೆ ಊರಿರಬೇಕು. ಖಾಲಿ ಕೈಯ ಬೆನ್ನು ಹತ್ತಿದರೆ ರೌಂಡ್ ಪೂರ್ತಿ ಬೆನ್ನು ಹತ್ತಿದ್ದೇ ಬಂತು.

ಹೊಸಬ_22

ಅಣ್ಣಾ, ಬಿಳಿ ಬೆಲ್ಟ್ ನಾನು. ಇದನ್ನೆಲ್ಲ ಈಗಲೇ ಟ್ರೈ ಮಾಡಬಹುದಾ? ಬೆರಳು ಹಿಡಿದು ಬಗ್ಗಿಸಿದ್ರೆ ಇನ್ನೂ ಸುಲಭ ಅಲ್ವಾ?

ಪಟ್ಟಿಬದಿ_ರೆಫರಿ

ಎರಡಕ್ಕೂ ಬೇಡ.

ಐಬಿಜೆಜೆಎಫ್ (ಬಿಜೆಜೆಯ ಅಂತರರಾಷ್ಟ್ರೀಯ ಒಕ್ಕೂಟ) ನಿಯಮದಲ್ಲಿ ಬಿಳಿ ಬೆಲ್ಟ್‌ಗೆ ರಿಸ್ಟ್ ಲಾಕ್ ನಿಷಿದ್ಧ. ವಯಸ್ಕರಿಗೆ ನೀಲಿ ಬೆಲ್ಟ್‌ನಿಂದ ಅನುಮತಿ. ಬೆರಳನ್ನು ಹಿಂದಕ್ಕೆ ಬಗ್ಗಿಸುವುದು ಯಾವ ಬೆಲ್ಟ್‌ಗೂ ಇಲ್ಲ, ಕಪ್ಪು ಪಟ್ಟಿಗೂ ಇಲ್ಲ. ಎಡಿಸಿಸಿ ಅನ್ನುವ, ಗಿ ಇಲ್ಲದ ಪಂದ್ಯಾವಳಿಯಲ್ಲಿ ತೋಳು, ಭುಜ, ಮಣಿಕಟ್ಟು ಮೂರರ ಲಾಕ್‌ಗಳೂ ನಡೆಯುತ್ತವೆ.

ಎಂಎಂಎಯ (ಮಿಶ್ರ ಸಮರಕಲೆ) ಏಕೀಕೃತ ನಿಯಮದಲ್ಲಿ ಸಣ್ಣ ಕೀಲು ತಿರುಚುವುದು ಫೌಲ್. ಅದನ್ನು ಓದಿ ಮಣಿಕಟ್ಟು ಸಣ್ಣ ಕೀಲು ಅಂದುಕೊಳ್ಳುವವರು ಬಹಳ. ಅಲ್ಲ. ಸಣ್ಣ ಕೀಲು ಅಂದರೆ ಕೈಬೆರಳು, ಕಾಲ್ಬೆರಳು ಮಾತ್ರ. ಮಣಿಕಟ್ಟು, ಕಣಕಾಲು, ಮೊಣಕಾಲು, ಮೊಣಕೈ, ಭುಜ ಎಲ್ಲ ದೊಡ್ಡ ಕೀಲಿನ ಲೆಕ್ಕಕ್ಕೆ. ಬೆರಳು ಹಿಡಿಯಲೇಬೇಕಾದರೆ ಒಂದು ಕೈಯ ಬಹುಪಾಲು ಬೆರಳು, ಅಂದರೆ ಕನಿಷ್ಠ ಮೂರು, ಒಟ್ಟಿಗೆ ಹಿಡಿದಿರಬೇಕು. ಬಿಜೆಜೆಯಲ್ಲೂ ಹಿಡಿತ ಬಿಡಿಸುವಾಗ ನಾಲ್ಕು ಬೆರಳು ಒಟ್ಟಿಗೆ ಹಿಡಿಯುವ ಅಭ್ಯಾಸ ಇಟ್ಟುಕೊಂಡರೆ ವಾದಕ್ಕೆ ಜಾಗವೇ ಇರಲ್ಲ.

ಜೂಡೊ ಸ್ಪರ್ಧೆಯಲ್ಲಿ ಲಾಕ್ ಮೊಣಕೈಗೆ ಮಾತ್ರ. ಇದು ಹಂತ ಹಂತವಾಗಿ ಬಂದದ್ದು. 1899ರಲ್ಲಿ ಜೂಡೊ ಕಟ್ಟಿದ ಜಿಗೊರೊ ಕಾನೊ ಮುಂದಾಳತ್ವದಲ್ಲಿ ಬರೆದ ಪಂದ್ಯದ ನಿಯಮಗಳಲ್ಲೇ ಬೆರಳು, ಮಣಿಕಟ್ಟು, ಕಣಕಾಲಿನ ಲಾಕ್‌ಗಳನ್ನು ಹೊರಗಿಟ್ಟರು. 1925ರ ಹೊತ್ತಿಗೆ ಮೊಣಕೈ ಒಂದೇ ಉಳಿಯಿತು. ಹಾಗಂತ ಜೂಡೊದಿಂದಲೇ ಹೋಯಿತು ಅಂತಲ್ಲ. 1956ರ ಕೊಡೊಕಾನ್ ಗೊಶಿನ್ ಜುತ್ಸು ಕತಾದಲ್ಲಿ (ಆತ್ಮರಕ್ಷಣೆಯ ಗೊತ್ತುಮಾಡಿದ ಅಭ್ಯಾಸಕ್ರಮ) ಮಣಿಕಟ್ಟಿನ ಲಾಕ್ ಇವೆ, ಸ್ಪರ್ಧೆಯಲ್ಲಿ ಇಲ್ಲ ಅಷ್ಟೆ.

ಗರಡಿ_ಧಾರವಾಡ

ಮ್ಯಾಟ್ ಕುಸ್ತಿಯೊಳಗೂ ಬೆರಳು ತಿರುವಿದ್ರ ರೆಫರಿ ಸೀಟಿ ಊದ್ತಾನ ತಮ್ಮಾ. ಆ ಚಟ ಹಚ್ಕೋಬ್ಯಾಡ.

ಕೀಲುಮೂಳೆ

ಹೊಸಬರೇ, ಬಿಳಿ ಬೆಲ್ಟ್‌ಗೆ ಯಾಕೆ ಇಲ್ಲ ಅನ್ನೋದೂ ಗೊತ್ತಿರಲಿ. ಆರ್ಮ್‌ಬಾರ್‌ನಲ್ಲಿ ಎಳೆತ ಶುರುವಾಗುವುದಕ್ಕೂ ಪೆಟ್ಟಾಗುವುದಕ್ಕೂ ನಡುವೆ ಟ್ಯಾಪ್ ಮಾಡಲು ಸಮಯ ಸಿಗುತ್ತೆ, ತೋಳಿನ ದೊಡ್ಡ ಸ್ನಾಯು ಸ್ವಲ್ಪ ಹೊತ್ತು ತಡೆಯುತ್ತೆ. ಮಣಿಕಟ್ಟಿನಲ್ಲಿ ಆ ದೊಡ್ಡ ಸ್ನಾಯು ಇಲ್ಲ. ಎಂಟು ಪುಟ್ಟ ಮೂಳೆ, ಅವನ್ನು ಕಟ್ಟಿಟ್ಟ ಲಿಗಮೆಂಟು. ಸನ್ನೆ ಗಿಡ್ಡ, ದೂರ ಕಡಿಮೆ. ಜರ್ಕ್ ಕೊಟ್ಟರೆ ನೋವೂ ಗಾಯವೂ ಒಟ್ಟಿಗೇ ಬರುತ್ತವೆ. ಬೆಳೆಯುವ ಮಕ್ಕಳಲ್ಲಿ ರೇಡಿಯಸ್ ಮೂಳೆಯ ತುದಿಯ ಬೆಳವಣಿಗೆಯ ತಟ್ಟೆ ಇನ್ನೂ ಕೂಡಿರಲ್ಲ, ಅವರಿಗಂತೂ ಕಲಿಸಲೇಬಾರದು.

ಪೆಟ್ಟಾದ ಮೇಲೆ ಎರಡು ಜಾಗ ಒತ್ತಿ ನೋಡಿ. ಹೆಬ್ಬೆರಳು ಮೇಲೆತ್ತಿದಾಗ ಅದರ ಬುಡದಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ಗುಳಿ ಬೀಳುತ್ತೆ. ಅಲ್ಲಿ ನೋವಿದ್ದರೆ ಸ್ಕ್ಯಾಫಾಯ್ಡ್ ಮೂಳೆ ಬಿರುಕು ಬಿಟ್ಟಿದೆ ಅಂತಲೇ ಅನುಮಾನಿಸಿ. ಈ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. 'ಎಕ್ಸ್‌ರೇ ನಾರ್ಮಲ್' ಅಂತ ಮರುದಿನವೇ ಮ್ಯಾಟ್‌ಗೆ ಬರುವವರು ಮೋಸ ಹೋಗೋದು ಇಲ್ಲೇ. ಕೈ ಅಲ್ಲಾಡದಂತೆ ಕಟ್ಟಿಸಿಕೊಂಡು 10ರಿಂದ 14 ದಿನಕ್ಕೆ ಮತ್ತೆ ತೆಗೆಸಬೇಕು, ಇಲ್ಲವೇ ಎಂಆರ್‌ಐ. ಆ ಮೂಳೆಗೆ ರಕ್ತ ತುದಿಯಿಂದ ಹಿಮ್ಮುಖವಾಗಿ ಹರಿಯುತ್ತೆ, ಹಾಗಾಗಿ ಕೂಡಲು ತಡ. ಬಿಟ್ಟರೆ ಕೂಡುವುದೇ ಇಲ್ಲ.

ಇನ್ನೊಂದು ಕಿರುಬೆರಳ ಬದಿ. ಬೀಗದ ಕೀ ತಿರುಗಿಸುವಾಗ, ಬಾಟಲಿ ಮುಚ್ಚಳ ತೆಗೆಯುವಾಗ, ಕುರ್ಚಿಯ ಕೈಗಳಿಗೆ ಅಂಗೈ ಊರಿ ಏಳುವಾಗ ಅಲ್ಲಿ ಚುಚ್ಚಿದರೆ ಟಿಎಫ್‌ಸಿಸಿ. ಕೈ ವೈದ್ಯರಿಗೆ ತೋರಿಸಿ. ಎಣ್ಣೆ ಹಾಕಿ ನೀವಿಸಿ, 'ಲಟಕ್' ಅನ್ನಿಸಿ ಸರಿ ಮಾಡಿಸಿಕೊಳ್ಳುವ ಸಾಹಸ ಎರಡಕ್ಕೂ ಬೇಡ.

ಸುಮ_ನೋಗಿ

ತಪ್ಪಿಸಿಕೊಳ್ಳುವುದನ್ನು ಯಾರೂ ಬರೆದಿಲ್ಲ. ಕೆಳಗಿರುವವರು ಮಾಡುವ ದೊಡ್ಡ ತಪ್ಪು ಅಂಗೈಯಿಂದ ಎದುರಾಳಿಯ ಎದೆ ತಳ್ಳುವುದು. ಅಂಗೈ ಎದೆಗೆ ಅಂಟಿದೆ, ಮಣಿಕಟ್ಟು ಆಗಲೇ ಹಿಂದಕ್ಕೆ ಮುಕ್ಕಾಲು ಬಾಗಿದೆ. ಮೇಲಿನವರು ಮೊಣಕೈ ಕೆಳಗೆ ಕೈ ಹಾಕಿ ಸ್ವಲ್ಪ ಎತ್ತಿ ಎದೆಯಿಂದ ಒರಗಿದರೆ ಮುಗಿಯಿತು. ಫ್ರೇಮ್ (ಮೇಲಿನವರನ್ನು ದೂರ ಇಡುವ ಅಡ್ಡಗಂಬ) ಹಾಕುವುದು ಮುಂದೋಳಿನ ಮೂಳೆಯಿಂದ, ಅವರ ಕುತ್ತಿಗೆಗೆ ಒಂದು, ಸೊಂಟಕ್ಕೆ ಒಂದು. ಅಂಗೈ ಒಳಗೇ ಇರಲಿ.

ಸಿಕ್ಕಿಹಾಕಿಕೊಂಡಾಗ ಬಾಗಿದ ಮಣಿಕಟ್ಟನ್ನು ಬಲದಿಂದ ನೆಟ್ಟಗೆ ಮಾಡಲು ಹೋಗಬೇಡಿ, ಅಲ್ಲಿ ಗೆಲ್ಲಲ್ಲ. ಮೊಣಕೈ ಅಲ್ಲಾಡಿಸಿ. ಪಕ್ಕೆಗೆ ಜಾರಿಸಿಕೊಳ್ಳಿ, ಆಸರೆ ತಪ್ಪಿದ ಕೂಡಲೇ ಲಾಕ್ ಸಡಿಲ. ಜೊತೆಗೆ ಫೋನ್ ಕಿವಿಗೆ ಹಿಡಿದ ಹಾಗೆ ಮುಷ್ಟಿಯನ್ನು ನಿಮ್ಮ ಕಿವಿ ಕಡೆಗೆ ತನ್ನಿ, ಇನ್ನೊಂದು ಕೈಯಿಂದ ಆ ಮುಷ್ಟಿಯನ್ನು ಹಿಡಿದುಕೊಳ್ಳಿ. ಕೈ ಚಾಚುವುದು ಕೊನೆಯ ದಾರಿ; ಆರ್ಮ್‌ಲಾಕ್ ಕಾಯುತ್ತಿರುತ್ತೆ ಅಂತ ಮೇಲೆ ಬರೆದಿದ್ದಾರೆ. ಮಣಿಕಟ್ಟು ಪೂರ್ತಿ ಮಡಚಿಕೊಂಡಾಗಿದ್ದರೆ ಯಾವ ದಾರಿಯೂ ಬೇಡ, ಟ್ಯಾಪ್ ಮಾಡಿ. ಎರಡೂ ಕೈ ಸಿಕ್ಕಿದ್ದರೆ ಬಾಯಲ್ಲಿ ಕೂಗಿ.

ನೀಲಿಪಟ್ಟಿ_ಮೈಸೂರು

ಸುಮ ಮೇಡಂ, ಕಂದುಪಟ್ಟಿ ಸರ್, ಇದನ್ನು ಯಾರಿಗೂ ನೋವಾಗದಂತೆ ಅಭ್ಯಾಸ ಮಾಡೋದು ಹೇಗೆ? ನಿಧಾನವಾಗಿ ಮಾಡಿದರೆ ರೋಲಿಂಗ್‌ನಲ್ಲಿ ಬರಲ್ಲ, ಜೋರಾಗಿ ಮಾಡಿದರೆ ಜೊತೆಗಾರರೇ ಉಳಿಯಲ್ಲ.

ಕಂದುಪಟ್ಟಿ

ಲಾಕನ್ನು ತೆಗೆದುಹಾಕಿ ಅಭ್ಯಾಸ ಮಾಡಿ. ಸೈಡ್ ಕಂಟ್ರೋಲ್‌ನಿಂದ ಶುರು, 3 ನಿಮಿಷ. ಮೇಲಿನವರ ಗುರಿ ಒಂದೇ, ಕೆಳಗಿನವರ ಮೊಣಕೈಯನ್ನು ಮ್ಯಾಟ್‌ಗೋ ತಮ್ಮ ಪಕ್ಕೆಗೋ ಕಟ್ಟಿಹಾಕಿ, ಮುಂದೋಳು ನೆಟ್ಟಗೆ ನಿಲ್ಲಿಸಿ, 3 ಎಣಿಸುವುದು. ಎಣಿಸಿದರೆ ಒಂದು ಪಾಯಿಂಟ್, ಬಿಟ್ಟು ಮತ್ತೆ ಶುರು. ಮಣಿಕಟ್ಟು ಮುಟ್ಟುವ ಹಾಗೇ ಇಲ್ಲ. ಕೆಳಗಿನವರು ಪೂರ್ತಿ ಜೋರಾಗಿ ತಪ್ಪಿಸಿಕೊಳ್ಳಬಹುದು. ಇದರಲ್ಲಿ ಪಾಯಿಂಟ್ ಬರತೊಡಗಿದ ಮೇಲೆ ಗೆಣ್ಣಿನ ಮೇಲೆ ಅಂಗೈ ಕೂರಿಸುವುದು ಸೇರಿಸಿ, ಒತ್ತುವುದು ಇನ್ನೂ ಬೇಡ. ಕಷ್ಟದ ಭಾಗವೆಲ್ಲ ಜೋರಾಗಿಯೇ ಕಲಿತಾಯ್ತು, ಉಳಿದದ್ದು ಒತ್ತುವ ಕೊನೆಯ ಎರಡು ಇಂಚು. ಅದನ್ನು ರೋಲಿಂಗ್‌ನಲ್ಲೂ ನಿಧಾನವಾಗಿಯೇ ಮಾಡಿ. ಮೊಣಕೈ ನಿಜವಾಗಿ ಸಿಕ್ಕಿದ್ದರೆ ಅವಸರ ಯಾಕೆ? ಜರ್ಕ್ ಕೊಡಬೇಕು ಅನ್ನಿಸಿತು ಅಂದರೆ ಮೊಣಕೈ ಸಿಕ್ಕಿಲ್ಲ ಅಂತ ತಿಳ್ಕೊಳ್ಳಿ.

ಆರ್ಮ್‌ಬಾರ್‌ಗೆ ಕೈ ಬೆಸೆದವರ ಮೇಲೂ ಇದೇ ರೂಢಿ. ಮೊದಲು ಅವರ ಮೊಣಕೈ ನಿಮ್ಮ ಹೊಟ್ಟೆಗೆ ಬಿಗಿ, ಆಮೇಲೆ ಅವರ ಗೆಣ್ಣು ಮುಚ್ಚಿ ಅವರದೇ ಮುಂದೋಳಿನ ಕಡೆಗೆ ಒತ್ತಡ. ಸಾಮಾನ್ಯವಾಗಿ ಟ್ಯಾಪ್‌ಗಿಂತ ಮೊದಲು ಬೆಸುಗೆ ಬಿಚ್ಚುತ್ತೆ, ಆರ್ಮ್‌ಬಾರ್ ತೆಗೆದುಕೊಂಡು ಹೋಗಿ.

ಕೀಲುಮೂಳೆ

ತರಗತಿಗೆ ಮುಂಚೆ ಮಂಡಿಯೂರಿ ಅಂಗೈ ಮ್ಯಾಟ್‌ಗಿಟ್ಟು ಹಿಂದೆ ಮುಂದೆ 10 ಸಲ ತೂಗಿ, ಆಮೇಲೆ ಕೈಯ ಹಿಂಬದಿ ಮ್ಯಾಟ್‌ಗಿಟ್ಟು ಅರ್ಧ ಭಾರದಲ್ಲಿ 10 ಸಲ. ಬಕೆಟ್‌ಗೆ ಅಕ್ಕಿ ಸುರಿದು ಮುಷ್ಟಿ ಬಿಚ್ಚಿ ಮುಚ್ಚಿ ಕಲಸುವುದು ಹಿಡಿತಕ್ಕೂ ಬೆರಳು ಬಿಡಿಸುವ ಸ್ನಾಯುಗಳಿಗೂ ಒಳ್ಳೆಯದು. ಹಳೆ ನೋವಿದ್ದರೆ ಒಂದೂವರೆ ಇಂಚಿನ ಹಿಗ್ಗದ ಟೇಪ್ ಮಣಿಕಟ್ಟಿಗೆ ಎರಡು ಮೂರು ಸುತ್ತು, ಮುಷ್ಟಿ ಬಿಗಿದುಕೊಂಡೇ ಸುತ್ತಿ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ತಿರುಗಬೇಕು, ಇಲ್ಲದಿದ್ದರೆ ಬಿಗಿ ಜಾಸ್ತಿಯಾಯ್ತು.

ಕಲಂ_ಕಚೇರಿ

ಆತ್ಮರಕ್ಷಣೆಗೆ ಅಂತ ಕಲಿಯುವವರಿಗೆ ಒಂದು ಕಾನೂನಿನ ಮಾತು. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ಮೂಳೆ ಮುರಿತ ಅಥವಾ ಕೀಲು ತಪ್ಪುವುದು ತೀವ್ರ ಸ್ವರೂಪದ ಗಾಯ. ಹಳೆಯ ಐಪಿಸಿಯಲ್ಲಿ ಇದು 320 ಆಗಿತ್ತು. ಖಾಸಗಿ ರಕ್ಷಣೆಯ ಹಕ್ಕು 34ರಿಂದ 44ರವರೆಗಿನ ಕಲಮುಗಳಲ್ಲಿದೆ, ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕಿಲ್ಲ ಅಂತ 37 ಹೇಳುತ್ತೆ. ಕಾಲರ್ ಹಿಡಿದವನ ಕೈ ಬಿಡಿಸಿ ನೆಲಕ್ಕೆ ಕೂರಿಸುವುದು ಒಂದು, ಕೂತವನ ಮಣಿಕಟ್ಟು ಮುರಿಯುವುದು ಇನ್ನೊಂದು.

ತತಾಮಿ

ಹಾಗಾಗಿ ಕೊತೆಗಾಯೆಶಿಯ ಕೊನೆಗೆ ಮಗುಚಿ ಹಾಕಿ ಭುಜ ನೆಲಕ್ಕೆ ಒತ್ತಿಡುವ ಭಾಗವನ್ನು ಬಿಡಬೇಡಿ. ಮುರಿಯದೆ ಹಿಡಿದಿಡುವುದು ಅದರಲ್ಲೇ ಇದೆ, ತರಗತಿಗಳಲ್ಲಿ ಅವಸರದಲ್ಲಿ ಹಾರಿಸುವುದೂ ಅದನ್ನೇ.

ಗರಡಿ_ಧಾರವಾಡ

ಎಲ್ಲಾ ಬರೆದ್ರಿ, ಒಂದು ಬಿಟ್ರಿ. ಉಗುರು ತೆಗೆದು ಬರ್ರಿ. ಮಂದಿ ಕೈ ಮ್ಯಾಲೆ ಕೊಕ್ಕಿ ಹಾಕಾವ್ರು ನೀವು, ಅವ್ರು ಟ್ಯಾಪ್ ಮಾಡಿದ್ದು ಲಾಕಿಗೋ ಉಗುರಿಗೋ ಅಂತ ತಿಳೀಬೇಕಲ್ಲ.